ಮನೆಯಲ್ಲೇ ಮೆತ್ತನೆಯ ಮಲಗುಗೂಡು: ಮೊದಲು ಗಾಳಿ, ಕೊನೆಗೆ ಮೆತ್ತೆ

ಕಷ್ಟಪಟ್ಟು ಕಟ್ಟಿದ ಮಲಗುಗೂಡು ಮೂರು ವಾರಕ್ಕೇ ಬಟ್ಟೆ ಒಟ್ಟುವ ಜಾಗವಾಗಿಬಿಟ್ಟರೆ ಅದಕ್ಕೆ ಕಾರಣ ಹೆಚ್ಚಾಗಿ ಒಂದೇ: ಕೆಲಸ ಫೋಮಿನಿಂದ ಶುರುವಾಗಿರುತ್ತದೆ. ಮೊದಲು ಮೆತ್ತೆ ಕೊಂಡು, ಅದಕ್ಕೆ ತಕ್ಕ ಪೆಟ್ಟಿಗೆ ಮಾಡಿಸಿ, ಒಳಗೆ ಸೆಕೆ ತಡೆಯಲಾಗದಾಗ ಎಲ್ಲಾದರೂ ಒಂದು ತೂತು ಕೊರೆಯುತ್ತಾರೆ. ಆಗ ಗಾಳಿ ಬರಬೇಕಾದ ಜಾಗದಲ್ಲಿ ಫೋಮ್ ಇರುತ್ತದೆ, ಫ್ಯಾನ್ ಕೂರಬೇಕಾದ ಕಡೆ ಗೋಡೆ ಇರುತ್ತದೆ. ಈ ಮಾರ್ಗದರ್ಶಿಯ ಕ್ರಮ ಅದಕ್ಕೆ ತಿರುಗಾಮುರುಗಾ: ಜಾಗ, ಅಳತೆ, ಚೌಕಟ್ಟು, ಗಾಳಿ, ವೈರು, ಎಲ್ಲ ಮುಗಿದ ಮೇಲೆ ಮೆತ್ತೆ.

ಇಲ್ಲಿ ಹೇಳಿರುವುದು ಒಬ್ಬರಿಗೆ ಸಾಕಾಗುವ ಗೂಡು. 75×36 ಇಂಚಿನ ಸಿಂಗಲ್ ಹಾಸಿಗೆ, 5 ಇಂಚು ದಪ್ಪ. ಮೂರು ಬದಿ ಗೋಡೆ, ಮೇಲೆ ಮುಚ್ಚಿಗೆ, ಮುಂದೆ ಪರದೆ. ಬಾಗಿಲಿಲ್ಲ, ಚಿಲಕವಿಲ್ಲ. ಬಾಗಿಲು ಬೇಕೇ ಬೇಕು ಎನ್ನುವವರು ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲು ಜಾಗ ನೋಡಿ

ರೂಮಿನ ಮೂಲೆಯಲ್ಲಿ ಸುಮಾರು 7 ಅಡಿ ಉದ್ದ, 4 ಅಡಿ ಅಗಲ ಬೇಕು. ಗೂಡಿನ ಹಿಂಬದಿ ಮತ್ತು ತಲೆಬದಿ ಮನೆಯ ಗೋಡೆಯ ಕಡೆ ಇರಲಿ, ಆದರೆ ತಾಗಿಸಬೇಡಿ. 3 ಇಂಚು ಬಿಡಿ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲದ ಹೊರಗೋಡೆ ಒದ್ದೆಯಾಗಿಯೇ ಇರುತ್ತದೆ. ಪ್ಲೈವುಡ್ ತಾಗಿದರೆ ಹಿಂಬದಿಗೆ ಬೂಷ್ಟು ಹಿಡಿದದ್ದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಮುಚ್ಚಿಗೆ ಹಾಕಿದ ಮೇಲೆ ಸೀಲಿಂಗ್ ಫ್ಯಾನಿನ ಗಾಳಿ ಮೈಗೆ ತಾಗುವುದಿಲ್ಲ. ಬೆಂಗಳೂರು, ಮೈಸೂರು, ಮಡಿಕೇರಿ, ಚಿಕ್ಕಮಗಳೂರಿನಲ್ಲಿ ವರ್ಷದ ಬಹುಪಾಲು ಇದು ತೊಂದರೆಯಾಗದು. ಮಂಗಳೂರು, ಉಡುಪಿಯ ಬೆವರಿನಲ್ಲೂ ಕಲಬುರಗಿ, ರಾಯಚೂರಿನ ಏಪ್ರಿಲ್–ಮೇ ಬಿಸಿಲಿನಲ್ಲೂ ಎಸಿ ಇಲ್ಲದ ರೂಮಿಗೆ ಪ್ಲೈವುಡ್ ಮುಚ್ಚಿಗೆ ಹಾಕಲೇಬೇಡಿ. ಅದರ ಬದಲು ಸೊಳ್ಳೆಪರದೆ ಬಟ್ಟೆಯನ್ನು ಬಿಗಿದು ಕಟ್ಟಿ. ಉಳಿದ ಹಂತಗಳೆಲ್ಲ ಹಾಗೆಯೇ.

ಬೇಕಾಗುವ ಸಾಮಾನು

ಪ್ಲೈವುಡ್ 8×4 ಅಡಿಯ ನಾಲ್ಕು ಹಾಳೆ: 12 ಎಂಎಂ ಎರಡು, 9 ಎಂಎಂ ಒಂದು, 6 ಎಂಎಂ ಒಂದು. ಕರಾವಳಿ, ಮಲೆನಾಡಿನವರು ಐಎಸ್ 710 ಮುದ್ರೆ ಇರುವ, ಅಂದರೆ ನೀರು ತಡೆಯುವ ಮರೀನ್ ಪ್ಲೈವುಡ್ ಹಾಳೆಯನ್ನೇ ಕೇಳಿ ತನ್ನಿ.

ಮರ: ಒಂದೂವರೆ ಇಂಚು ಚೌಕದ ರೀಪರ್ 70 ಅಡಿ, 3×1½ ಇಂಚಿನದು 28 ಅಡಿ, ಅಡಿಪಟ್ಟಿಗಳಿಗೆ 3 ಇಂಚು ಅಗಲ ಮುಕ್ಕಾಲು ಇಂಚು ದಪ್ಪದ್ದು 52 ಅಡಿ. ಪೈನ್ ಅಥವಾ ಸಿಲ್ವರ್ ಓಕ್ ಸಾಕು. ಟಿಂಬರ್ ಡಿಪೋದಲ್ಲಿ ಒಂದೊಂದನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ, ತುದಿಯಿಂದ ತುದಿಗೆ ನೋಡಿ ಆರಿಸಿ. ಬಾಗಿದ ರೀಪರನ್ನು ಸ್ಕ್ರೂ ಹಾಕಿ ನೆಟ್ಟಗೆ ಮಾಡುತ್ತೇನೆ ಎಂದರೆ ಅದು ಇಡೀ ಗೂಡನ್ನು ಬಾಗಿಸುತ್ತದೆ.

ಮೆತ್ತೆಗೆ: 40 ಎಂಎಂ ದಪ್ಪ, 32 ಡೆನ್ಸಿಟಿಯ ಫೋಮ್, 6×3 ಅಡಿಯ ಮೂರು ಹಾಳೆ; 44 ಇಂಚು ಪನ್ನಾದ ದಪ್ಪ ಹತ್ತಿ ಬಟ್ಟೆ 6 ಮೀಟರ್; 2 ಇಂಚು ಅಗಲದ ವೆಲ್ಕ್ರೋ 3 ಮೀಟರ್.

ಗಾಳಿಗೆ: 120 ಎಂಎಂ, 12 ವೋಲ್ಟಿನ ಕಂಪ್ಯೂಟರ್ ಫ್ಯಾನ್, 12 ವೋಲ್ಟ್ 1 ಆಂಪ್ ಅಡಾಪ್ಟರ್, ಸ್ಟೀಲ್ ಸೊಳ್ಳೆಜಾಲರಿ ಒಂದು ತುಂಡು.

ಉಪಕರಣ: ಡ್ರಿಲ್, 3 ಎಂಎಂ ಬಿಟ್, ದುಂಡು ತೂತು ಕೊರೆಯುವ ನಾಲ್ಕೂವರೆ ಇಂಚಿನ ಹೋಲ್ ಸಾ, ಗರಗಸ, ಮೂಲೆಮಟ್ಟ, ಸ್ಟೇಪಲ್ ಗನ್, 6 ಎಂಎಂ ಪಿನ್ನು, ಉಪ್ಪುಕಾಗದ, ಮರದ ಗೋಂದು. ಸ್ಕ್ರೂ 30 ಎಂಎಂ ಮತ್ತು 65 ಎಂಎಂ. ಭಾರ ಹೊರುವ ಜಾಗಕ್ಕೆ ಕಪ್ಪು ಜಿಪ್ಸಮ್ ಸ್ಕ್ರೂ ಬಳಸಬೇಡಿ. ಅದು ಬಾಗದೆ ಟಕ್ಕನೆ ತುಂಡಾಗುವ ಜಾತಿ.

ಹಂತ 1: ಮೈ ಅಳತೆ

ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನೆಲದಿಂದ ನೆತ್ತಿಯವರೆಗೆ ಅಳೆಸಿ. ಅದಕ್ಕೆ 4 ಇಂಚು ಸೇರಿಸಿದರೆ ಹಾಸಿಗೆಯ ಮೇಲಿನಿಂದ ಮುಚ್ಚಿಗೆಗೆ ಬೇಕಾದ ಎತ್ತರ. ಇಲ್ಲಿನ ಲೆಕ್ಕದಲ್ಲಿ ಅದು 40 ಇಂಚು, ಅಂದರೆ ಕೂತಾಗ 36 ಇಂಚು ಬರುವವರಿಗೆ ಸಾಕು. ನಿಮ್ಮದು ಹೆಚ್ಚಿದ್ದರೆ ಗೋಡೆಗಳನ್ನು ಎತ್ತರಿಸಬೇಡಿ, ಏಕೆಂದರೆ ಹಾಳೆಯ ಅಗಲ 48 ಇಂಚೇ. ಹಾಸಿಗೆಯನ್ನು 4 ಇಂಚಿಗೆ ಇಳಿಸಿ.

ಉದ್ದ: ನಿಮ್ಮ ಎತ್ತರಕ್ಕಿಂತ ಹಾಸಿಗೆ 5 ಇಂಚಾದರೂ ಹೆಚ್ಚಿರಬೇಕು. 5 ಅಡಿ 10 ಇಂಚು ಮೀರಿದವರು 78 ಇಂಚಿನ ಹಾಸಿಗೆ ಹಿಡಿದು, ಕೆಳಗಿನ ಉದ್ದದ ಅಳತೆಗಳಿಗೆಲ್ಲ 3 ಇಂಚು ಸೇರಿಸಿಕೊಳ್ಳಿ.

ಗೂಡಿನ ಒಳ ಅಳತೆ, ಮರದಿಂದ ಮರಕ್ಕೆ, 80×40 ಇಂಚು. ಹಾಸಿಗೆಗಿಂತ ಉದ್ದದಲ್ಲಿ 5, ಅಗಲದಲ್ಲಿ 4 ಇಂಚು ಹೆಚ್ಚು ಕೊಟ್ಟಿರುವುದು ಮೆತ್ತೆಯ ದಪ್ಪಕ್ಕೂ ಮೂಲೆಕಂಬಗಳಿಗೂ. ಇದನ್ನು ಮರೆತು ಹಾಸಿಗೆಯ ಅಳತೆಗೇ ಪೆಟ್ಟಿಗೆ ಮಾಡಿದರೆ, ಕೊನೆಯಲ್ಲಿ ಹಾಸಿಗೆ ಕಮಾನಿನಂತೆ ಉಬ್ಬಿ ಕೂರುತ್ತದೆ.

ಹಂತ 2: ಹಾಳೆ ಕೊಯ್ಯುವ ಲೆಕ್ಕ

ಈ ಪಟ್ಟಿಯನ್ನು ಬರೆದುಕೊಂಡು ಹೋಗಿ ಅಂಗಡಿಯಲ್ಲೇ ಕೊಯ್ಸಿ. 12 ಎಂಎಂ ಹಾಳೆ ಒಂದೊಂದೂ 20 ಕೆಜಿ ಮೀರುತ್ತದೆ. ಮನೆಯಲ್ಲಿ ಕೈಗರಗಸದಲ್ಲಿ ನೇರ ಬರುವುದು ಕಷ್ಟ.

ಮೊದಲ 12 ಎಂಎಂ ಹಾಳೆ: ಹಿಂಗೋಡೆ 81×47. ಉಳಿಯುವ ತುಂಡನ್ನು 14½×47ಕ್ಕೆ ಇಳಿಸಿದರೆ ಅದೇ ಮುಂಬದಿಯ ಕಾಲುಕಡೆಯ ಹಲಗೆ.

ಎರಡನೆಯ ಹಾಳೆ: ತಲೆಗೋಡೆ 40×47, ಕಾಲುಗೋಡೆ 40×47. ಉಳಿದದ್ದು 15½×47, ಅದು ಮುಂಬದಿಯ ತಲೆಕಡೆಯ ಹಲಗೆ. ಎರಡು ಮುಂಹಲಗೆಗಳ ನಡುವೆ 51 ಇಂಚಿನ ತೆರಪು ಉಳಿಯುತ್ತದೆ. ಇದನ್ನು ಕಡಿಮೆ ಮಾಡಬೇಡಿ. ನಿಮ್ಮನ್ನು ಎತ್ತಿ ಹೊರಗೆ ತರಬೇಕಾದ ಸಂದರ್ಭ ಬಂದರೆ ಇನ್ನೊಬ್ಬರ ಎರಡು ಕೈ ಒಳಗೆ ಬರಬೇಕು.

9 ಎಂಎಂ ಹಾಳೆ: ಮುಚ್ಚಿಗೆ 81×41.

6 ಎಂಎಂ ಹಾಳೆ: ಮೆತ್ತೆಗಳ ಬೆನ್ನುಹಲಗೆ. 19×30ರ ನಾಲ್ಕು, 17¾×30ರ ನಾಲ್ಕು. ಎಂಟೂ ಒಂದೇ ಹಾಳೆಯಲ್ಲಿ ಬರುತ್ತವೆ: 96 ಇಂಚಿನುದ್ದಕ್ಕೆ ಐದನ್ನು ನಿಲ್ಲಿಸಿ ಕೊಯ್ದ ಮೇಲೆ ಉಳಿಯುವ ಪಟ್ಟಿಯಲ್ಲಿ ಮೂರನ್ನು ಮಲಗಿಸಿ ಕೊಯ್ಯಬೇಕು. ಅಲ್ಲಿ ಗರಗಸದ ಬಾಯಿಗೆ ಹೋಗುವಷ್ಟೇ ಹೆಚ್ಚುವರಿ ಇದೆ, ಗೆರೆ ಎಳೆದುಕೊಟ್ಟು ಪಕ್ಕದಲ್ಲೇ ನಿಂತಿರಿ.

ಹಂತ 3: ಚೌಕಟ್ಟು

ಮೂಲೆಕಂಬ ನಾಲ್ಕು, ಒಂದೊಂದೂ 57 ಇಂಚು. ಅವುಗಳ ನಡುವೆ 3×1½ ಮರದ ತೊಲೆ: ಹಿಂದೆ ಮುಂದೆ 77 ಇಂಚಿನದು, ತಲೆ ಕಾಲು ಬದಿಗೆ 37 ಇಂಚಿನದು. ತೊಲೆಯ ಮೇಲ್ಮೈ ನೆಲದಿಂದ 11¼ ಇಂಚು ಇರಬೇಕು.

ಬಹಳಷ್ಟು ಗೂಡು ಕಿರುಗುಟ್ಟುವುದು ಇಲ್ಲಿಂದಲೇ. ತೊಲೆಯನ್ನು ಬರಿಯ ಸ್ಕ್ರೂ ಮೇಲೆ ಕಂಬಕ್ಕೆ ನೇತುಹಾಕಿದರೆ, ಮೈ ಮಗ್ಗುಲಾದಾಗೆಲ್ಲ ಸ್ಕ್ರೂ ತೂತು ಕೂದಲೆಳೆಯಷ್ಟು ದೊಡ್ಡದಾಗುತ್ತದೆ. ಬದಲಿಗೆ 8¼ ಇಂಚಿನ ರೀಪರ್ ತುಂಡನ್ನು ಕಂಬದ ಮೈಗೆ ಗೋಂದು ಹಚ್ಚಿ, ಮೂರು 65 ಎಂಎಂ ಸ್ಕ್ರೂ ಹಾಕಿ ನಿಲ್ಲಿಸಿ. ತೊಲೆ ಅದರ ತಲೆಯ ಮೇಲೆ ಕೂರಲಿ. ಭಾರ ಮರದಿಂದ ಮರಕ್ಕಿಳಿದು ನೆಲ ಸೇರಬೇಕು, ಸ್ಕ್ರೂ ಬರೀ ಜರುಗದಂತೆ ಹಿಡಿಯಬೇಕು. ಒಂದು ಮೂಲೆಗೆ ಎರಡರಂತೆ ಎಂಟು ತುಂಡು. ಹಿಂದಿನ ತೊಲೆಯ ನಡುವೆ ಒಂದು, ಮುಂದಿನದಕ್ಕೆ ಎರಡು, ಏಕೆಂದರೆ ಹತ್ತಿಳಿಯುವಾಗ ಪೂರ್ತಿ ಭಾರ ಬೀಳುವುದು ಅಲ್ಲಿಗೆ. ನಡುವೆ ಇನ್ನೊಂದು 77 ಇಂಚಿನ ತೊಲೆ, ಅದಕ್ಕೆ ಮೂರು ಕಾಲು.

ಪ್ರತಿ ಸ್ಕ್ರೂಗೂ ಮೊದಲು 3 ಎಂಎಂ ತೂತು ಕೊರೆಯಿರಿ. ಪೈನ್ ಮರದ ತುದಿ ಸೀಳುವುದು ಈ ಒಂದು ನಿಮಿಷ ಉಳಿಸಲು ಹೋದಾಗಲೇ. ಗೋಂದು ಕೂರುವ ಮೊದಲು ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡಳತೆಯೂ ಒಂದೇ ಬಂದರೆ ಮಾತ್ರ ಚೌಕ ಸರಿ. ಆಮೇಲೆ 24 ಗಂಟೆ ಮುಟ್ಟಬೇಡಿ.

ಹಂತ 4: ಅಡಿಪಟ್ಟಿ

3 ಇಂಚಿನ ಹದಿನೈದು ಪಟ್ಟಿ, ನಡುವೆ ಎರಡೂವರೆ ಇಂಚು ಸಂದು. ಸರಿಯಾಗಿ 80 ಇಂಚು ತುಂಬುತ್ತದೆ. ಮೊದಲನೆಯದೂ ಕೊನೆಯದೂ ಕಂಬಗಳ ನಡುವೆ ಬರುವುದರಿಂದ 37 ಇಂಚು, ಉಳಿದವು 40.

ಪಟ್ಟಿ ಬಿಟ್ಟು ಪೂರ್ತಿ ಪ್ಲೈವುಡ್ ಹಾಸಿದರೆ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ನಿದ್ದೆಯಲ್ಲಿ ಮೈಯಿಂದಲೂ ಉಸಿರಿನಿಂದಲೂ ರಾತ್ರಿಗೆ ಒಂದು ದೊಡ್ಡ ಲೋಟದಷ್ಟು ನೀರು ಹೊರಹೋಗುತ್ತದೆ. ಅದರಲ್ಲಿ ಒಂದು ಪಾಲು ಹಾಸಿಗೆಗಿಳಿಯುತ್ತದೆ. ಕೆಳಗೆ ಸಂದಿಲ್ಲದಿದ್ದರೆ ಅದು ಹಾಸಿಗೆಯ ತಳದಲ್ಲೇ ನಿಂತು, ಸೊಂಟ ಬರುವ ಜಾಗದಲ್ಲಿ ಕಪ್ಪು ಚುಕ್ಕೆಗಳಾಗಿ ಮೂಡುತ್ತದೆ. ಇದೇ ಕಾರಣಕ್ಕೆ ಗೂಡಿನ ಕೆಳಗೆ ಸೂಟ್‌ಕೇಸು, ಹಳೆ ಪೇಪರು ತುರುಕಬೇಡಿ; ಪೊರಕೆ ಆಚೆಯಿಂದೀಚೆಗೆ ಸರಾಗ ಹೋಗಬೇಕು.

ಹಂತ 5: ಗೋಡೆ ಮತ್ತು ಮುಚ್ಚಿಗೆ

ಗೋಡೆಯ ಕೆಳಅಂಚು ನೆಲದಿಂದ 10 ಇಂಚಿನಲ್ಲಿ, ತೊಲೆಯ ಮೈಮೇಲೆ ಬರಲಿ. ಹೊರಗಿನಿಂದ ಕಂಬಕ್ಕೂ ತೊಲೆಗೂ 6 ಇಂಚಿಗೊಂದರಂತೆ 30 ಎಂಎಂ ಸ್ಕ್ರೂ. ಮೇಲಂಚಿನಲ್ಲಿ ಸುತ್ತಲೂ ಒಳಗಿನಿಂದ ಒಂದೂವರೆ ಇಂಚಿನ ರೀಪರ್. ಮುಂಹಲಗೆಗಳ ಒಳಅಂಚಿಗೆ 45¾ ಇಂಚಿನ ಎರಡು ಕಂಬ, ಹಿಂಗೋಡೆಯ ನಡುವೆ ಅಂಥದ್ದೇ ಒಂದು, ಆದರೆ ಗೋಡೆಯ ಹೊರಬದಿಗೆ. ಮುಂದಿನ ಎರಡು ತೊಲೆಯ ಮೇಲೆ ನಿಲ್ಲುತ್ತವೆ. ಅಡಿಪಟ್ಟಿ ಅಡ್ಡ ಬಂದಲ್ಲಿ ಪಟ್ಟಿಯ ತುದಿಯಲ್ಲಿ ಕಚ್ಚು ತೆಗೆಯಿರಿ.

ಮುಚ್ಚಿಗೆಯ ಬಲಕ್ಕೆ ಎರಡು ಅಡ್ಡ ರೀಪರ್ ಬೇಕು, ಆದರೆ ಅವನ್ನು ಮೇಲ್ಭಾಗಕ್ಕೆ ಹೊಡೆಯಿರಿ. ಒಳಗೆ ಹೊಡೆದರೆ ಎದ್ದು ಕೂತಾಗ ಮೊದಲು ತಾಗುವುದು ಅದೇ. ಮುಚ್ಚಿಗೆ ಅಟ್ಟವಲ್ಲ. ಅದರ ಮೇಲೆ ಪೆಟ್ಟಿಗೆ, ಪಾತ್ರೆ ಇಡಬೇಡಿ.

ಹಂತ 6: ಗಾಳಿ

ಇಡೀ ಕೆಲಸದ ಜೀವ ಇದು. ನಿಧಾನವಾಗಿ ಓದಿ.

ಮಲಗಿದ ದೊಡ್ಡವರೊಬ್ಬರ ಉಸಿರಿನಿಂದ ಗಂಟೆಗೆ ಸುಮಾರು 10 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಈ ಗೂಡಿನೊಳಗಿರುವ ಗಾಳಿ ಸುಮಾರು 2,000 ಲೀಟರ್. ಎಲ್ಲವನ್ನೂ ಬಿಗಿಯಾಗಿ ಮುಚ್ಚಿದರೆ ಒಂದೇ ಗಂಟೆಯಲ್ಲಿ ಅದು ಅರ್ಧ ಶೇಕಡಾ, ಅಂದರೆ 5,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 5,000 ಪಾಲು) ಏರುತ್ತದೆ. ಹೊರಗಿನ ಗಾಳಿಯಲ್ಲಿರುವುದು 420ರ ಆಸುಪಾಸು. ಬೆಳಿಗ್ಗೆ ತಲೆ ಭಾರ, ಬಾಯಿ ಒಣಗುವುದು, ಎಂಟು ಗಂಟೆ ಮಲಗಿಯೂ ಸುಸ್ತು ಎಂಬ ದೂರುಗಳ ಹಿಂದೆ ಈ ಲೆಕ್ಕವಿರುತ್ತದೆ. ಗಂಟೆಗೆ 20 ಘನ ಮೀಟರ್ ಗಾಳಿ ಬದಲಾದರೆ ಒಳಗಿನ ಮಟ್ಟ ರೂಮಿಗಿಂತ 500 ಪಿಪಿಎಂ ಮಾತ್ರ ಹೆಚ್ಚಿರುತ್ತದೆ. 120 ಎಂಎಂ ಫ್ಯಾನ್ ಇದನ್ನು ನಿಧಾನ ವೇಗದಲ್ಲೇ ಮಾಡಬಲ್ಲದು.

ಫ್ಯಾನ್ ಕಾಲುಗೋಡೆಯ ಮೇಲ್ಭಾಗದಲ್ಲಿ, ಹಿಂಗೋಡೆಯ ಮೂಲೆಯ ಕಡೆಗಿರಲಿ. ತೂತಿನ ನಡುಬಿಂದು ಮುಚ್ಚಿಗೆಯಿಂದ ಐದೂವರೆ ಇಂಚು ಕೆಳಗೆ. ಸ್ಕ್ರೂ ತೂತುಗಳ ನಡುವಿನ ಅಂತರ 105 ಎಂಎಂ. ಗಾಳಿ ಒಳಗಿನಿಂದ ಹೊರಕ್ಕೆ ಹೋಗುವಂತೆ ಕೂರಿಸಿ; ಚೌಕಟ್ಟಿನ ಬದಿಯಲ್ಲಿ ಬಾಣದ ಗುರುತಿದ್ದರೆ ಅದನ್ನು ನೋಡಿ. ಫ್ಯಾನ್ ಮತ್ತು ಹಲಗೆಯ ನಡುವೆ ರಬ್ಬರ್ ವಾಷರ್ ಹಾಕದಿದ್ದರೆ ಪ್ಲೈವುಡ್ ತಮಟೆಯಂತೆ ಗುಂಯ್‌ಗುಡುತ್ತದೆ.

ಗಾಳಿ ಒಳಬರುವ ಕಿಂಡಿ 12 ಇಂಚು ಎತ್ತರ, 3 ಇಂಚು ಅಗಲ. ಇದನ್ನು ತಲೆಗೋಡೆಗೆ ಕೊರೆಯುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಮೂರೇ ಇಂಚಿನಾಚೆ ಮನೆಯ ಗೋಡೆ, ನಡುವೆ ಧೂಳು. ಕಿಂಡಿ ಬೇಕಾದದ್ದು ಮುಂಬದಿಯ ತಲೆಕಡೆಯ ಹಲಗೆಯಲ್ಲಿ, ಹಾಸಿಗೆಯ ಮೇಲಿನಿಂದ 6 ಇಂಚು ಮೇಲೆ, ರೂಮಿಗೆ ಮುಖ ಮಾಡಿ. ಆಗ ಹೊಸ ಗಾಳಿ ಮುಖದ ಹತ್ತಿರ ಬಂದು, ಮೈಯುದ್ದಕ್ಕೂ ಹಾದು, ಬೆಚ್ಚಗಾಗಿ, ಕಾಲಿನ ಕಡೆ ಮೇಲಿಂದ ಹೊರಹೋಗುತ್ತದೆ. ಕಿಂಡಿಯ ಬಾಯಿ ಫ್ಯಾನಿನ ಬಾಯಿಗಿಂತ ಎರಡು ಪಟ್ಟು ದೊಡ್ಡದಿರಬೇಕು. ಜಾಲರಿಯೇ ಸಾಕಷ್ಟು ಗಾಳಿ ತಡೆಯುತ್ತದೆ.

ಪರೀಕ್ಷೆಯನ್ನು ಫೋಮ್ ಮನೆಗೆ ಬರುವ ಮೊದಲೇ ಮಾಡಿ. ತೆರಪಿಗೆ ಬೆಡ್‌ಶೀಟ್ ಕಟ್ಟಿ, ಫ್ಯಾನ್ ಹಾಕಿ, ಹೊರಗೆ ನಿಂತು ಕಿಂಡಿಯ ಮುಂದೆ ಊದುಬತ್ತಿ ಹಿಡಿಯಿರಿ. ಹೊಗೆ ದಾರದಂತೆ ನೇರ ಒಳಗೆ ಎಳೆದುಕೊಂಡು ಹೋಗಬೇಕು. ಕಿಂಡಿಯ ಬಾಯಲ್ಲೇ ಸುಳಿದಾಡಿದರೆ ಫ್ಯಾನ್ ಉಲ್ಟಾ ಇದೆ, ಇಲ್ಲವೇ ಗಾಳಿ ಬೇರೆಲ್ಲೋ ಸೋರುತ್ತಿದೆ.

ರೂಮಿನ ಕಿಟಕಿಯೂ ಒಂದಿಷ್ಟು ತೆರೆದಿರಬೇಕು. ಮುಚ್ಚಿದ ರೂಮಿನಿಂದ ಗೂಡಿಗೆ ಬರುವುದು ಹಳೆಯ ಗಾಳಿಯೇ.

ಹಂತ 7: ವೈರು, ದೀಪ

ಗೂಡಿನೊಳಗೆ 230 ವೋಲ್ಟ್ ಬರಕೂಡದು. ಎಕ್ಸ್‌ಟೆನ್ಷನ್ ಬೋರ್ಡ್, ಫೋನ್ ಚಾರ್ಜರ್, ಪವರ್ ಬ್ಯಾಂಕ್ ಯಾವುದೂ ಬೇಡ. ಅಡಾಪ್ಟರ್ ಹೊರಗೆ, ಗೋಡೆಯ ಪ್ಲಗ್ಗಿನಲ್ಲಿ. ಒಳಗೆ 12 ವೋಲ್ಟಿನ ತಂತಿ ಮಾತ್ರ, ಅದೂ ಮೆತ್ತೆ ಇಲ್ಲದ ಮೇಲಿನ 10 ಇಂಚಿನ ಪಟ್ಟಿಯಲ್ಲಿ. ದೀಪಕ್ಕೆ ಎಲ್‌ಇಡಿ ಸ್ಟ್ರಿಪ್ ಅರ್ಧ ಮೀಟರ್ ಸಾಕು, ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅಂಟಿಸಿ.

ಕರೆಂಟ್ ಹೋದರೆ? ವೈಫೈ ರೂಟರಿಗೆ ಹಾಕುವ 12 ವೋಲ್ಟಿನ ಪುಟ್ಟ ಯುಪಿಎಸ್ ಈ ಫ್ಯಾನಿಗೂ ಆಗುತ್ತದೆ. ಫ್ಯಾನ್ ಎಳೆಯುವುದು ಎರಡರಿಂದ ನಾಲ್ಕು ವ್ಯಾಟ್ ಅಷ್ಟೆ. ಯುಪಿಎಸ್ ಕೂಡ ಗೂಡಿನ ಹೊರಗೇ ಇರಲಿ.

ಪಾಲಿಯೂರಿಥೇನ್ ಫೋಮಿಗೆ ಬೆಂಕಿ ತಗುಲಿದರೆ ನಿಮಿಷಗಳಲ್ಲಿ ಹರಡುತ್ತದೆ, ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸೈನೈಡೂ ಇರುತ್ತದೆ. ಹಾಗಾಗಿ ಸೊಳ್ಳೆಬತ್ತಿ, ಊದುಬತ್ತಿ, ಮೇಣದಬತ್ತಿ, ಬೀಡಿ ಸಿಗರೇಟು ಗೂಡಿನ ಒಳಗೂ ಬೇಡ, ಹತ್ತಿರವೂ ಬೇಡ. ರೂಮಿನ ಸೀಲಿಂಗಿಗೆ ಬ್ಯಾಟರಿಯ ಹೊಗೆ ಅಲಾರಂ ಒಂದನ್ನು ಹಾಕಿ.

ಹಂತ 8: ಬಣ್ಣ, ಮತ್ತು ವಾಸನೆ ಹೋಗುವ ಕಾಲ

ಉಪ್ಪುಕಾಗದ ತಿಕ್ಕಿ, ನೀರಿನಲ್ಲಿ ಕರಗುವ ಬಣ್ಣ ಅಥವಾ ವಾರ್ನಿಷ್ ಎರಡು ಕೋಟು. ಕೊಯ್ದ ಅಂಚುಗಳನ್ನು ಮರೆಯಬೇಡಿ. ಪ್ಲೈವುಡ್ ನೀರು ಕುಡಿಯುವುದೂ, ಗೋಂದಿನ ವಾಸನೆ ಬಿಡುವುದೂ ಅಂಚಿನಿಂದಲೇ. ಮುಗಿದ ಮೇಲೆ ಒಂದು ವಾರ ಫ್ಯಾನ್ ಹಾಕಿ, ಕಿಟಕಿ ತೆರೆದು ಖಾಲಿ ಬಿಡಿ. ಒಳಗೆ ತಲೆ ಹಾಕಿದಾಗ ಕಣ್ಣುರಿ ಬಂದರೆ ಇನ್ನೂ ಒಂದು ವಾರ.

ಹಂತ 9: ಮೆತ್ತೆ

ಈಗ ಫೋಮ್. ಮೆತ್ತೆಯನ್ನು ಗೋಡೆಗೆ ನೇರ ಅಂಟಿಸಬೇಡಿ. ಅಂಟಿಸಿದ ಬಟ್ಟೆಯನ್ನು ಒಗೆಯುವುದು ಹೇಗೆ? ಎಂಟು ಬಿಡಿ ಹಲಗೆಗಳಾಗಿ ಮಾಡಿ, ಬೇಕೆಂದಾಗ ಕಿತ್ತು ಬಿಸಿಲಿಗೆ ಇಡುವಂತಿರಬೇಕು.

ಎತ್ತರ 30 ಇಂಚು ಸಾಕು. ಕೂತಾಗ ಬೆನ್ನು ಒರಗುವುದು ಅಷ್ಟರವರೆಗೆ. ಮುಚ್ಚಿಗೆಗೂ ಫೋಮ್ ಹಾಕಬೇಕೆಂಬ ಆಸೆ ಬಿಡಿ: ಸೆಕೆ ಹೆಚ್ಚುತ್ತದೆ, ಬೆಂಕಿಗೆ ಸೌದೆಯೂ ಹೆಚ್ಚುತ್ತದೆ.

ಬಟ್ಟೆಯನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಮತ್ತೆ ಹಲಗೆಗೆ ಏರುವುದಿಲ್ಲ. ರೆಕ್ಸಿನ್ ಬೇಡ, ಬೆವರು ಅಂಟುತ್ತದೆ. ವೆಲ್ವೆಟ್ ಧೂಳು ಹಿಡಿಯುತ್ತದೆ.

ಫೋಮನ್ನು ಬೆನ್ನುಹಲಗೆಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಆಗ ಅಂಚು ಮೆತ್ತಗೆ ಸುತ್ತಿಕೊಳ್ಳುತ್ತದೆ. 6×3 ಅಡಿಯ ಒಂದು ಹಾಳೆಗೆ ಮೂರು ತುಂಡು. ಹೊಸ ಉದ್ದ ಬ್ಲೇಡಿನಿಂದ, ಒತ್ತದೆ, ಎರಡು ಮೂರು ಸಲ ಎಳೆದು ಕತ್ತರಿಸಿ. ಒತ್ತಿ ಕತ್ತರಿಸಿದ ಅಂಚು ಒಳಬಾಗುತ್ತದೆ. ಹಲಗೆಗೆ ನಾಲ್ಕೈದು ಬೊಟ್ಟು ಗೋಂದು ಸಾಕು.

ಬಟ್ಟೆ ಹರಡಿ, ಅದರ ಮೇಲೆ ಫೋಮ್ ಕೆಳಮುಖವಾಗಿ ಇಟ್ಟು, ಮೊದಲು ನಾಲ್ಕು ಬದಿಯ ನಡುವೆ ಒಂದೊಂದು ಪಿನ್ನು. ಅಲ್ಲಿಂದ ಮೂಲೆಗಳ ಕಡೆ, ಎದುರುಬದುರಾಗಿ ಎಳೆಯುತ್ತ, ಒಂದೂವರೆ ಇಂಚಿಗೊಂದು ಪಿನ್ನು. ಒಂದು ಬದಿಯನ್ನೇ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ನೆರಿಗೆ ಓರೆಯಾಗುತ್ತದೆ. ಮೂಲೆಯನ್ನು ಲಕೋಟೆ ಮಡಿಸಿದಂತೆ ಮಡಿಸಿ. ಪಿನ್ನು 6 ಎಂಎಮ್ಮಿನದೇ ಇರಲಿ. 10 ಎಂಎಂ ಪಿನ್ನು 6 ಎಂಎಂ ಹಲಗೆಯನ್ನು ತೂರಿ ಒಳಗೆ ಚಾಚುತ್ತದೆ, ಅಂಚಿನಲ್ಲಿ ಮೈ ಒತ್ತಿದಾಗ ಚುಚ್ಚುತ್ತದೆ.

ಪ್ರತಿ ಮೆತ್ತೆಗೆ ನಾಲ್ಕು ಇಂಚಿನ ಮೂರು ವೆಲ್ಕ್ರೋ. ಅದರ ಹಿಂದಿನ ಅಂಟನ್ನು ನಂಬಬೇಡಿ, ಬೇಸಿಗೆಯಲ್ಲಿ ಜಾರುತ್ತದೆ. ಎರಡೂ ಕಡೆ ಪಿನ್ನು ಹೊಡೆಯಿರಿ. ಹಿಂಗೋಡೆಗೆ 19 ಇಂಚಿನ ನಾಲ್ಕು, ತಲೆ ಕಾಲು ಬದಿಗೆ 17¾ರ ಎರಡೆರಡು. ಹಿಂಗೋಡೆಯ ನಡುವಿನ ಕಂಬವನ್ನು ಒಳಗೆ ಹೊಡೆದು, ಅದು ಬಂದಲ್ಲಿ ಮೆತ್ತೆ ಮುಂದಕ್ಕೆ ಬಾರದಂತೆ, ಹಿಂಗೋಡೆಯ ಉಳಿದ ಕಡೆ ಮೊದಲೇ ಒಂದೂವರೆ ಇಂಚಿನ ಮರದ ತುಂಡುಗಳನ್ನು ಹೊಡೆದು ವೆಲ್ಕ್ರೋವನ್ನು ಅವುಗಳ ಮೇಲೆ ಕೂರಿಸುವವರಿದ್ದಾರೆ. ಅಗಲ ಅಷ್ಟು ಉಳಿಯುವುದಿಲ್ಲ. ಹಂತ 5ರಲ್ಲಿ ಆ ಕಂಬವನ್ನು ಗೋಡೆಯ ಹೊರಬದಿಗೆ ಹೊಡೆಯಲು ಹೇಳಿದ್ದು ಇದಕ್ಕೇ. ಬಿಟ್ಟ 3 ಇಂಚಿನ ಸಂದಿನಲ್ಲಿ ಅದಕ್ಕೆ ಜಾಗವಿದೆ. ಮೂಲೆಗಳಲ್ಲಿ ಸ್ವಲ್ಪ ಸಂದು ಉಳಿದರೆ ಉಳಿಯಲಿ, ಗಾಳಿಯಾಡುತ್ತದೆ.

ಹಂತ 10: ಪರದೆ

ಹತ್ತಿ ಪರದೆ, ಬಳೆಗಳ ಮೇಲೆ ಜಾರುವಂತೆ. ಮೇಲೆ 6 ಇಂಚು, ಕೆಳಗೆ 2 ಇಂಚು ಸಂದು ಬಿಡಿ. ಫ್ಯಾನ್ ನಿಂತುಹೋದ ರಾತ್ರಿ ನಿಮ್ಮನ್ನು ಕಾಯುವುದು ಈ ಸಂದೇ. ಸೊಳ್ಳೆ ಬರುತ್ತದೆಂದರೆ ಆ ಸಂದಿಗೆ ಜಾಲರಿ ಹೊಲಿಸಿ, ಬಟ್ಟೆಯಿಂದ ಮುಚ್ಚಬೇಡಿ. ಜಿಪ್ಪು, ಗುಂಡಿ, ಕಟ್ಟುವ ದಾರ ಬೇಡ. ಸರಳು ಸ್ಪ್ರಿಂಗಿನದಾಗಿದ್ದರೆ ಒಳ್ಳೆಯದು, ಗಾಬರಿಯಲ್ಲಿ ಎಳೆದರೆ ಪರದೆಯ ಸಮೇತ ಕೆಳಗೆ ಬೀಳುತ್ತದೆ. ಕತ್ತಲಲ್ಲಿ, ಒಂದೇ ಕೈಯಲ್ಲಿ, ಮಲಗಿದ್ದಲ್ಲಿಂದ ಎದ್ದು ಹೊರಬರುವುದನ್ನು ನಾಲ್ಕು ಸಲ ಮಾಡಿ ನೋಡಿ.

ಮೊದಲ ರಾತ್ರಿಗೆ ಮುನ್ನ

ಮನೆಯಲ್ಲಿ ಇನ್ನೊಬ್ಬರಿರುವಾಗ ಹಗಲಲ್ಲಿ ಒಂದು ಗಂಟೆ, ಎಚ್ಚರವಾಗಿಯೇ ಒಳಗೆ ಮಲಗಿ. ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವಂಥದ್ದು) ಇರುವ ಇಂಗಾಲದ ಡೈಆಕ್ಸೈಡ್ ಮೀಟರ್ ಸಿಕ್ಕರೆ ದಿಂಬಿನ ಪಕ್ಕದಲ್ಲಿಡಿ. ಗಂಟೆಯ ಕೊನೆಗೆ 1,000–1,200 ಪಿಪಿಎಂ ಒಳಗಿದ್ದರೆ ಸರಿ, 1,500 ದಾಟಿ ಏರುತ್ತಲೇ ಇದ್ದರೆ ಕಿಂಡಿಯನ್ನು ದೊಡ್ಡದು ಮಾಡಿ. ಆಮೇಲೆ ಫ್ಯಾನ್ ನಿಲ್ಲಿಸಿ ಅರ್ಧ ಗಂಟೆ ಮತ್ತೆ ನೋಡಿ.

ಉಸಿರಾಟದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮಲಗಬೇಡಿ. ಮಕ್ಕಳಿಗೆ ಇದು ಆಟದ ಮನೆಯಂತೆ ಕಾಣುತ್ತದೆ. ಅವರನ್ನು ಒಳಗೆ ಒಬ್ಬರನ್ನೇ ಬಿಡಬೇಡಿ.

ಎಚ್ಚರಿಕೆಯ ಲಕ್ಷಣಗಳು

ಬೆಳಿಗ್ಗೆ ತಲೆನೋವು ಎರಡು ದಿನ ಸತತ ಬಂದರೆ ಅಂದಿನಿಂದಲೇ ಹೊರಗೆ ಮಲಗಿ, ಕಿಂಡಿಯ ಜಾಲರಿ ನೋಡಿ. ತಿಂಗಳೊಳಗೆ ಅದರ ಮೇಲೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿದರೆ ಸಾಕು.

ಮುಚ್ಚಿಗೆಯ ಒಳಮೈಯಲ್ಲಿ ಹನಿ ಕಂಡರೆ ಗಾಳಿ ಸಾಲದು ಎಂದೇ ಅರ್ಥ. ಮುಗ್ಗಲು ವಾಸನೆ ಬಂದರೆ ಹಾಸಿಗೆಯ ತಳ ಮತ್ತು ಹಿಂಗೋಡೆಯ ಹೊರಮೈ ಪರೀಕ್ಷಿಸಿ. ಅಡಾಪ್ಟರ್ ಅಂಗೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಾದರೆ ಆ ಕ್ಷಣವೇ ಕಿತ್ತು ಹೊಸದು ತನ್ನಿ. ಹೊಸದಾಗಿ ಕಿರುಗುಟ್ಟು ಶುರುವಾದರೆ ಮುಂದಿನ ತೊಲೆಯ ಕೆಳಗಿನ ಎರಡು ಕಾಲುಗಳನ್ನು ಮೊದಲು ನೋಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಎಂಟೂ ಮೆತ್ತೆ ಕಿತ್ತು, ಬಿಸಿಲಿಲ್ಲದಿದ್ದರೂ ಸೀಲಿಂಗ್ ಫ್ಯಾನಿನಡಿ ಒಂದು ದಿನ ಹರಡಿ. ಮೆತ್ತೆಯನ್ನು ಕೀಳುವ ಕೆಲಸ ಹತ್ತು ನಿಮಿಷದ್ದು.